ಬಾಗಿನಕ್ಕೆ ಬಂದ ಮೀನು

ನಾನು ಓದು ಬಿಟ್ಟಿದ್ದು ೧೯೯೩ರಲ್ಲಿ, ಎಂಟನೇ ಕ್ಲಾಸಿನ ಮಧ್ಯದಲ್ಲಿ. ಅದೇ ವರ್ಷ ಪೀಣ್ಯದ ಒಂದು ಲೇತ್ ಶೆಡ್ಡಿಗೆ ಸೇರಿದೆ. ಅಲ್ಲಿಂದ ಇಲ್ಲಿಯವರೆಗೆ ಯಾರ ಮುಂದೆಯೂ ಕೈ ಚಾಚಿಲ್ಲ. ಶೆಡ್ಡಿನಲ್ಲಿ ಪಕ್ಕದ ಮೆಷಿನ್ನಿಗೆ ನಿಲ್ಲುತ್ತಿದ್ದವನು ನನ್ನ ಗೆಳೆಯ. ಒಂದೇ ಡಬ್ಬಿಯಲ್ಲಿ ಉಂಡವರು ನಾವು. ಆಮೇಲೆ ಅವನು ಕೆಲಸ ಬಿಟ್ಟು ನಾಗಸಂದ್ರದಲ್ಲಿ ಅಕ್ವೇರಿಯಂ ಅಂಗಡಿ ಇಟ್ಟ.

ಚಿಕ್ಕಬಾಣಾವರದಲ್ಲಿ ನಮ್ಮ ಬಡಾವಣೆಯ ಹಿಂದೆ ಒಂದು ಕುಂಟೆ ಇದೆ, ಮಳೆನೀರು ನಿಲ್ಲುವ ಸಣ್ಣ ಕೆರೆ. ಕಟ್ಟಡದ ಕಸ ಸುರಿದು ಸುರಿದು ಅದು ಮುಚ್ಚಿಯೇ ಹೋಗುವುದರಲ್ಲಿತ್ತು. ಎರಡು ಬೇಸಿಗೆ, ಭಾನುವಾರ ಭಾನುವಾರ, ನಾವು ಬೀದಿಯ ಜನ ಸೇರಿ ಹೂಳೆತ್ತಿದೆವು. ಮಣ್ಣಿನ ಏರಿಯನ್ನು ಗುದ್ದಿ ಗಟ್ಟಿ ಮಾಡಿದ್ದು ಹೆಚ್ಚುಪಾಲು ನಾನೇ. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಮೇಲಿನ ಕೆರೆ ಕೋಡಿ ಹರಿದು ನೀರು ನಿಂತಿತು. ನೀರಿನ ಜೊತೆ ಗೆಂಡೆ ಬಂದವು, ಬೆರಳುದ್ದದ ಬೆಳ್ಳಿ ಬಣ್ಣದ ಮೀನು. ಕೊರಮೀನೂ ಬಂತು. ಮರಿಗಳ ಗುಂಪಿನ ಕೆಳಗೆ ತಾಯಿ ಕಾವಲು ತಿರುಗುವುದನ್ನು ನೋಡಲೆಂದೇ ಶಿಫ್ಟ್ ಮುಗಿಸಿ ಮೊದಲು ಏರಿಗೆ ಹೋಗುತ್ತಿದ್ದೆ, ಆಮೇಲೆ ಮನೆಗೆ.

ಕುಂಟೆ ತುಂಬಿದ ವರ್ಷ ಹೆಂಗಸರು ಗಂಗಮ್ಮನಿಗೆ ಬಾಗಿನ ಕೊಟ್ಟರು. ಅವರ ಮೊರಗಳ ಹಿಂದೆಯೇ ಗೆಳೆಯ ಎರಡು ದೊಡ್ಡ ಕವರಿನಲ್ಲಿ ಮೀನು ಹಿಡಿದು ಬಂದ. ಮೈತುಂಬ ಮಚ್ಚೆ, ತಲೆಯ ಅಡಿಯಲ್ಲಿ ಬಾಯಿ.

“ಏನೋ ಇದು?” ಅಂದೆ.

“ಟ್ಯಾಂಕ್ ಕ್ಲೀನರ್ ಕಣೋ. ಗಾಜಿನ ಮೇಲಿನ ಪಾಚಿ ತಿನ್ನುತ್ತಲ್ಲ, ಅದು. ನಿನ್ನ ಕುಂಟೆ ಕನ್ನಡಿ ಥರ ಆಗುತ್ತೆ, ನೋಡ್ತಿರು.”

“ನಮ್ಮ ಮೀನಿಗೇನೂ ಮಾಡಲ್ವಾ?”

“ಪಾಪದ್ದು ಗುರು. ನಿನ್ ಹೆಂಡ್ತಿಗಿಂತ ಸಾಧು.”

ನನ್ನವಳು ಪಕ್ಕದಲ್ಲೇ ಇದ್ದಳು. “ಇರಿ ಅಣ್ಣ, ನಿಮ್ಮನೇಲಿ ಹೇಳಿ ನಿಮಗೂ ಪಾಚಿನೇ ಬಡಿಸೋ ಥರ ಮಾಡ್ತೀನಿ” ಅಂದಳು. ಎಲ್ಲರೂ ನಕ್ಕರು. ಒಬ್ಬ ಅಜ್ಜಿ ಕವರಿಗೂ ಅರಿಶಿನ ಕುಂಕುಮ ಹಚ್ಚಿದರು. ಅವನು ಕೈಮುಗಿದು ಮೀನನ್ನು ನೀರಿಗೆ ಬಿಟ್ಟ.

ಕೆಲವು ಮಳೆಗಾಲ ಕಳೆಯುವಷ್ಟರಲ್ಲಿ ಬಲೆ ಹಾಕಿದರೆ ಬರೀ ಅವೇ. ಅವುಗಳ ಮುಳ್ಳಿಗೆ ಬಲೆ ಹರಿಯುತ್ತಿತ್ತು. ಕೊಕ್ಕರೆಯೂ ಒಮ್ಮೆ ಕುಕ್ಕಿ ನೋಡಿ ಬಿಟ್ಟುಬಿಡುತ್ತಿತ್ತು. ತಳವನ್ನೆಲ್ಲ ಸವರಿಕೊಂಡು ತಿನ್ನುವ ಮೀನು ಅದು. ಪಾಚಿಯ ಜೊತೆ ಗೆಂಡೆಯ ಮೊಟ್ಟೆಯೂ ಹೋಯಿತು. ಬೇಸಿಗೆಯಲ್ಲಿ ನೀರು ಇಳಿದಾಗ ನೋಡುತ್ತೇನೆ, ಏರಿಯ ತುಂಬ ತೋಳು ತೂರುವಷ್ಟು ಬಿಲ. ಮೊಟ್ಟೆಯಿಡಲು ಅವು ಕೊರೆದದ್ದು. ಮುಂದಿನ ದೊಡ್ಡ ಮಳೆಗೆ ಏರಿ ಅಲ್ಲಿಂದಲೇ ಕುಸಿಯಿತು, ನೀರು ಮೋರಿಗೆ ಹರಿದುಹೋಯಿತು.

ಒಂದು ಮೀನನ್ನು ಬಕೆಟ್ಟಿನಲ್ಲಿ ಹಾಕಿಕೊಂಡು ಅವನ ಅಂಗಡಿಗೆ ಹೋದೆ. ಏರಿಯ ಕತೆ ಹೇಳಿದೆ.

“ಅಲ್ಲೂ ಹಂಗೇ ಆಯ್ತಾ?” ಅಂದ.

“ಅಲ್ಲೂ ಅಂದ್ರೆ?”

ಮಾತು ತಿರುಗಿಸಲು ನೋಡಿದ. ನಾನು ಬಿಡಲಿಲ್ಲ. ನಮ್ಮಲ್ಲಿಗೆ ತರುವ ಮುಂಚೆಯೇ ಅವನ ಅತ್ತೆಯ ಮನೆ ಊರಿನ ಕಟ್ಟೆಗೆ ಬಿಟ್ಟಿದ್ದನಂತೆ. ನಮ್ಮ ಬಾಗಿನದ ಹಿಂದಿನ ವರ್ಷವೇ ಆ ಕಟ್ಟೆಯ ಏರಿ ಹೋಗಿ, ಊರಿನವರು ಬೈದು ಕಳಿಸಿದ್ದರಂತೆ.

“ಗೊತ್ತಿದ್ದೂ ತಂದು ಬಿಟ್ಯಾ?”

“ಇಷ್ಟುದ್ದ ಬೆಳೆದ್ಮೇಲೆ ಯಾರೂ ತಗೊಳಲ್ಲ ಕಣೋ. ತಗೊಂಡೋರೂ ವಾಪಸ್ ತಂದಿಟ್ಟು ಹೋಗ್ತಾರೆ. ಸಾಯ್ಸೋಕೆ ಮನಸ್ಸು ಬರಲಿಲ್ಲ.”

“ಬಾಗಿನ ಅಂತ ತಂದ್ಯಲ್ಲೋ.”

“ಕೈಮುಗಿದಿದ್ದಂತೂ ನಿಜ.”

ಹೂಳೆತ್ತುವಾಗ ಬಿಸಿಲಿನಲ್ಲಿ ನಮಗೆ ಟೀ ತಂದುಕೊಟ್ಟವನು ಅವನು. ನಾನು ಹಾರೆ ಹಿಡಿದಿದ್ದನ್ನು ಕಣ್ಣಾರೆ ಕಂಡವನು. ಬೇರೆ ಯಾರಾದರೂ ಆಗಿದ್ದರೆ ಜಗಳವಾಡಿ ಮರೆಯುತ್ತಿದ್ದೆನೇನೋ. ಬಕೆಟ್ಟನ್ನು ಅವನ ಮೇಜಿನ ಮೇಲಿಟ್ಟು ಹೊರಗೆ ಬಂದೆ. ಮತ್ತೆ ಆ ಕಡೆ ಹೋಗಿಲ್ಲ, ಅವನೂ ಬಂದಿಲ್ಲ.

ಕೆಸರಿನಲ್ಲಿ ಉಳಿದ ನೀರು ಆರುವ ಮುಂಚೆ ನಾನೂ ಹೆಂಡತಿಯೂ ಇಳಿದು ಕೈಗೆ ಸಿಕ್ಕ ನಮ್ಮ ಮೀನನ್ನೆಲ್ಲ ಹಿಡಿದು ತಂದೆವು. ಈಗ ತಾರಸಿಯ ಮೇಲೆ ನೀಲಿ ಡ್ರಮ್ಮಿನಲ್ಲಿ ಹದಿನೇಳು ಗೆಂಡೆ ಇವೆ. ಕೊರಮೀನು ಒಂದೂ ಇಲ್ಲ.