ಖಾಲಾ ಬಾಯಲ್ಲಿ ಟೀವಿ

ಖಾಲಾ ಅವರ ಕಿವಿಯಂಚಿನ ಉದ್ದಕ್ಕೂ ಸಾಲಾಗಿ ತೂತುಗಳು, ತೂತಿಗೊಂದು ಬೆಳ್ಳಿಯ ಸಣ್ಣ ಬಾಲಿ. ಸೆರಗು ತಲೆಯಿಂದ ಜಾರಿದರೆ ಆ ಬಾಲಿಗಳಿಗೇ ಸಿಕ್ಕಿ ನಿಲ್ಲುತ್ತಿತ್ತು. ಬೆರಳ ತುದಿಗಳು ಯಾವಾಗಲೂ ಬೆಳ್ಳಗೆ ಸುಕ್ಕುಗಟ್ಟಿರುತ್ತಿದ್ದವು. ರೇಷ್ಮೆಗೂಡು ಬೇಯುವ ಬಿಸಿನೀರಿಗೆ ಕೈ ಹಾಕಿ ಎಳೆ ಹುಡುಕಿ ನೂಲು ತೆಗೆಯುವುದು ಅವರ ಮನೆಯ ಕಸುಬು. ಶ್ರೀನಿವಾಸಪುರದಿಂದ ಮುಳಬಾಗಿಲಿಗೆ ಸೊಸೆಯಾಗಿ ಬಂದ ನನ್ನನ್ನು ಆ ಬೀದಿಯಲ್ಲಿ ಮೊದಲು ಮಾತಾಡಿಸಿದವರು ಅವರೇ. ಅವರ ತಂಗಿಯ ಮಕ್ಕಳು ಖಾಲಾ ಅನ್ನುತ್ತಿದ್ದರು, ನಾನೂ ಹಾಗೇ ಕರೆದೆ.

ನಮ್ಮ ಅತ್ತೆಗೆ ಅವರು ಬೂಬಮ್ಮ. ಎರಡು ಮನೆಗೂ ನಡುವೆ ಇದ್ದದ್ದು ಒಂದು ಮೋಟುಗೋಡೆ. ಆ ಗೋಡೆಯ ಮೇಲೆ ಬೆಳಗ್ಗೆ ಒಂದು ಸುತ್ತು ಜಗಳ ಆಗದಿದ್ದರೆ ಇಬ್ಬರಿಗೂ ಅನ್ನ ಸೇರುತ್ತಿರಲಿಲ್ಲ.

"ಬೂಬಮ್ಮ, ನಿನ್ನ ಹುಳದ ವಾಸನೆಗೆ ನನ್ನ ಸಾರೇ ಕೆಟ್ಟುಹೋಯ್ತು!"

"ಅಕ್ಕಾ, ನಿನ್ನ ಸಾರು ಮೊದ್ಲಿಂದ್ಲೂ ಹಂಗೇ. ಪಾಪ, ಹುಳಾನ ಯಾಕೆ ಬೈತೀಯ?"

ಖಾಲಾಗೆ ಗಂಡ ಇರಲಿಲ್ಲ. ಮನೆಯಲ್ಲಿ ಮಗ ಒಬ್ಬನೇ. ಕೆಟ್ಟವನಲ್ಲ, ಬೀಡಿ ಸಿಗರೇಟು ಕೂಡ ಮುಟ್ಟದವನು. ಆದರೆ ಮಾತು ಅಂದರೆ ಅವನಿಗೆ ಆಗದು. ಹಗಲೆಲ್ಲ ನೂಲಿನ ರಾಟೆಯ ಮುಂದೆ ದುಡಿದು ಬಂದರೆ, ತಟ್ಟೆಗೆ ತಲೆ ಬಗ್ಗಿಸಿ ಉಂಡು, ಗೋಡೆ ಕಡೆ ತಿರುಗಿ ಮಲಗಿಬಿಡುವುದು. ಅಂಥ ಮನೆಯಲ್ಲಿ ಇಷ್ಟು ಮಾತು ತುಂಬಿಕೊಂಡ ಹೆಂಗಸು ಹೇಗೆ ಬದುಕಿದ್ದರೋ ದೇವರಿಗೇ ಗೊತ್ತು.

ಎಂಬತ್ತರ ದಶಕದ ನಡುವೆ ನಮ್ಮ ಮನೆಯವರು ಟೀವಿ ತಂದರು. ಬೀದಿಗೆ ಅದೇ ಮೊದಲು. ಸಾಯಂಕಾಲ ದಿಲ್ಲಿಯಿಂದ ಹಿಂದಿ ಧಾರಾವಾಹಿ ಬರುತ್ತಿತ್ತು. ನಮ್ಮ ಬೀದಿಯ ಜನ ಕನ್ನಡದಲ್ಲಿ ಮಾತು ಶುರುಮಾಡಿ ತೆಲುಗಿನಲ್ಲಿ ಮುಗಿಸುವವರು; ಹಿಂದಿ ಒಬ್ಬರಿಗೂ ಬಾರದು. ಹಜಾರದ ತುಂಬ ಜನ ಕೂತು, ಕೋಳಿ ಕಣ್ಣು ಬಿಟ್ಟ ಹಾಗೆ ನೋಡಿಕೊಂಡು ಎದ್ದುಹೋಗುತ್ತಿದ್ದರು. ಒಂದು ದಿನ ಅತ್ತೆ ಗೋಡೆಯ ಮೇಲಿಂದಲೇ ಕೂಗಿದರು: "ಬೂಬಮ್ಮ, ನಿಮ್ಮ ಭಾಷೆ ಥರ ಏನೋ ಮಾತಾಡ್ತಾವೆ, ಬಂದು ಹೇಳು ಬಾರೇ!"

ಖಾಲಾ ಬಂದರು. "ಇದೇನು ಇವರು ಪುಸ್ತಕ ನುಂಗಿದೋರ ಥರ ಮಾತಾಡ್ತಾರೆ" ಎಂದು ಮೂಗು ಮುರಿದರು. ಆದರೂ ಅರ್ಥವಾಯಿತು. ಅವತ್ತಿನಿಂದ ನಮ್ಮ ಹಜಾರದಲ್ಲಿ ಅವರದೇ ಆಳ್ವಿಕೆ. ಪೆಟ್ಟಿಗೆಯ ಪಕ್ಕದಲ್ಲಿ ಕೂತು ಕನ್ನಡದಲ್ಲಿ ಹೇಳುವರು: "ನೋಡ್ರೇ, ಆ ಮುದುಕಿ ಹೇಳ್ತಾಳೆ, ಸೊಸೆ ತಾಯಿಮನೆಗೆ ಹೋಗ್ಬಾರ್ದಂತೆ. ಥೂ, ಅದರ ಬಾಯಿಗೆ ಮಣ್ಣು ಹಾಕ!" ಜನ ಬಿದ್ದು ಬಿದ್ದು ನಗುವರು. ಖಾಲಾ ನೆಟ್ಟಗೆ ಕೂತು ಸೆರಗು ಸರಿಮಾಡಿಕೊಳ್ಳುವರು. ಅಷ್ಟು ಜನ ತನ್ನ ಮಾತಿಗೆ ಕಾಯುತ್ತಾರೆ ಎನ್ನುವ ಸಂತೋಷ ಆ ಮುಖದಲ್ಲಿ ಎದ್ದು ಕಾಣುತ್ತಿತ್ತು.

ಒಮ್ಮೆ ಕಥೆಯಲ್ಲಿ ಚಿಕ್ಕ ಸೊಸೆಯ ಗಂಡ ತೀರಿಕೊಂಡ. ಖಾಲಾ ಹಾಗೆಂದು ಹೇಳಿದ್ದೇ ತಡ, ಹಜಾರದಲ್ಲಿ ಗೊಳೋ ಎಂದು ಅಳು. ಅತ್ತೆಯಂಥ ಗಟ್ಟಿಗಿತ್ತಿ ಅವತ್ತು ಮುದ್ದೆ ಮುಟ್ಟಲಿಲ್ಲ. ಮುಂದಿನ ವಾರ ನಮ್ಮ ನಾದಿನಿಯ ಗಂಡ ಊರಿಗೆ ಬಂದರು. ಮಿಲಿಟರಿಯಲ್ಲಿದ್ದು ಹಿಂದಿ ಕಲಿತವರು. ಖಾಲಾ ಆ ವಿಧವೆ ಸೊಸೆಯ ಗೋಳು ಹೇಳುವುದನ್ನು ಕೇಳುತ್ತ ಸ್ವಲ್ಪ ಹೊತ್ತು ನೋಡಿ ತೊಡೆ ತಟ್ಟಿಕೊಂಡು ನಕ್ಕರು: "ಏನತ್ತೆ, ಯಾರು ಹೇಳಿದ್ದು ಸತ್ತ ಅಂತ? ಅವನು ದುಬೈಗೆ ಹೋಗಿದಾನೆ ಅಷ್ಟೆ! ಈಯಮ್ಮ ಬಾಯಿಗೆ ಬಂದದ್ದು ಹೇಳ್ತಿದಾರೆ, ನೀವು ಕೂತ್ಕೊಂಡು ಅಳ್ತಿದೀರಾ?"

ಎಲ್ಲರೂ ನಕ್ಕರು. ಖಾಲಾ ಕೂಡ ನಕ್ಕರು. ಯಾಕೆ ನಗುತ್ತಿದ್ದಾರೆಂದು ಅವರಿಗೆ ಕೇಳಿಸಿಯೇ ಇರಲಿಲ್ಲ. ಆ ಮನುಷ್ಯನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ಆಮೇಲೆ ಯಾರೋ, ಜನ ಯಾಕೆ ನಕ್ಕರೆಂದು ಅವರ ಮುಂದೆ ಆಡಿ ತೋರಿಸಿದರಂತೆ. ಖಾಲಾ ಬರುವುದನ್ನು ಬಿಟ್ಟರು. ಬೆಳಗಿನ ಜಗಳವೂ ನಿಂತಿತು. ಕೊನೆಗೆ ಅತ್ತೆ ನನ್ನನ್ನೂ ಕರೆದುಕೊಂಡು ಅವರ ಮನೆಗೆ ಹೋದರು.

"ನಕ್ಕೊ, ಬೇಡ ಅಕ್ಕಾ, ಬರಲ್ಲ" ಎಂದರು ಖಾಲಾ. "ಬರ್ತಾ ಬರ್ತಾ ಕಿವಿ ಮಂದ ಆಗೋಯ್ತು. ಬಾಯಿ ಅಲ್ಲಾಡೋದು ನೋಡಿ ಕಥೆ ಕಟ್ತಿದ್ದೆ. ಹೇಳಿದ್ರೆ ನೀವು ಕರೆಯಲ್ಲ ಅಂತ ಭಯ. ಮನೇಲಿ ಯಾರ ಹತ್ರ ಮಾತಾಡ್ಲಿ ನಾನು?"

ಅತ್ತೆ ಮನೆಗೆ ಬಂದವರೇ ತಮ್ಮ ಮಗನ ಮೇಲೆ ಹರಿಹಾಯ್ದರು: "ಓದಿದೀಯಲ್ಲ, ಏನಾದ್ರೂ ಮಾಡೋ! ಆ ಡಬ್ಬಾನ ತಗೊಂಡೋಗಿ ಅವಳ ಕಿವೀಗೆ ಕಟ್ಟು!"

ನಮ್ಮ ಮನೆಯವರು ಕೋಲಾರದ ರೇಡಿಯೋ ಅಂಗಡಿಯಿಂದ ಹೆಡ್‌ಫೋನು ತಂದರು. ಟೀವಿಯ ಬೆನ್ನಿನಲ್ಲಿ ಪಿನ್ನು ಚುಚ್ಚುವ ತೂತಿತ್ತು. ಹಜಾರದ ನಡುವಿನವರೆಗೂ ಎಟಕುವಂತೆ ಅಂಗಡಿಯವನು ತಂತಿ ಜೋಡಿಸಿಕೊಟ್ಟಿದ್ದ. ಆದರೆ ಬಾಲಿಗಳ ಮೇಲೆ ಹೆಡ್‌ಫೋನು ಕೂರದು, ಒತ್ತಿದರೆ ಖಾಲಾ ನೋವಿಗೆ ಮುಖ ಹಿಂಡುವರು. ಅವು ಚಿಕ್ಕಂದಿನಲ್ಲಿ ಅವರಮ್ಮ ಹಾಕಿಸಿದ್ದು. ಗಂಡ ಹೋದಾಗಲೂ ಬಿಚ್ಚಿರಲಿಲ್ಲ. "ತೆಗೀ ಅಕ್ಕಾ" ಎಂದರು. ಅತ್ತೆ ಕೊಬ್ಬರಿ ಎಣ್ಣೆ ಸವರಿ, ಊದಿ ಊದಿ, ಒಂದೊಂದನ್ನೇ ಬಿಚ್ಚಿದರು. ಬರಿದಾದ ಆ ಕಿವಿಗಳನ್ನು ನೋಡಿ ನಾನು ಒಳಗೆ ಹೋಗಿ ಕಣ್ಣೊರೆಸಿಕೊಂಡೆ.

ಪಿನ್ನು ಚುಚ್ಚಿದ ಕೂಡಲೇ ಪೆಟ್ಟಿಗೆಯ ಸದ್ದು ನಿಂತುಹೋಯಿತು.

"ಅಯ್ಯೋ, ನಮಗೆ ಕೇಳ್ತಿಲ್ಲ!" ಎಂದು ಕೂತವರೆಲ್ಲ ಕೂಗಿದರು.

"ಈ ಟೀವೀಲಿ ಹಂಗೇ. ಪಿನ್ನು ಹಾಕಿದ್ರೆ ಆಚೆಗೆ ಸದ್ದು ಬರಲ್ಲ" ಎಂದರು ನಮ್ಮ ಮನೆಯವರು.

ಖಾಲಾ ಜನರ ಮುಖ ನೋಡಿ ಹೆಡ್‌ಫೋನು ತೆಗೆಯಲು ಹೋದರು. ಅತ್ತೆ ಅವರ ಕೈ ಹಿಡಿದು, ಜನರ ಕಡೆ ತಿರುಗಿ ಗದರಿದರು: "ಊರ್ಕೋಂಡ್ರಿ, ಸುಮ್ನಿರಿ! ಕೇಳಿದ್ರೂ ನಿಮಗೇನು ಬೆಂಕಿ ಅರ್ಥ ಆಗ್ತಿತ್ತು? ಅವಳು ಕೇಳ್ಲಿ, ನಮಗೆ ಹೇಳ್ಲಿ."

ಖಾಲಾ ಕೇಳಿದರು. ಇದ್ದಕ್ಕಿದ್ದಂತೆ ಅತ್ತೆಯ ತೋಳು ಹಿಡಿದುಕೊಂಡು ಕೂಗಿದರು: "ಅಕ್ಕಾ! ಬಳೆ ಸದ್ದೂ ಕೇಳ್ತಿದೆ!" ಕಣ್ಣಲ್ಲಿ ನೀರು, ಬಾಯ್ತುಂಬ ನಗು. ಮೂಗ ಟೀವಿಯ ಮುಂದೆ ಖಾಲಾ ಒಬ್ಬರೇ ಜೋರಾಗಿ ಎಲ್ಲರ ಮಾತೂ ಆಡುವರು. ಆ ಒಂದು ಚಳಿಗಾಲ ನಮ್ಮ ಬೀದಿ ನಿಜವಾದ ಕಥೆ ಕೇಳಿತು. ಅವರು ಅಷ್ಟು ಸುಖವಾಗಿ ಇದ್ದದ್ದನ್ನು ನಾನು ಬೇರೆಂದೂ ಕಂಡಿಲ್ಲ.

ಬೇಸಿಗೆಯ ಒಂದು ಸಾಯಂಕಾಲ ಯಾರದೋ ಮಗುವಿನ ಕಾಲಿಗೆ ತಂತಿ ಸಿಕ್ಕಿ ಪಿನ್ನು ಕಿತ್ತುಬಂತು. ಪೆಟ್ಟಿಗೆಯಿಂದ ಸದ್ದು ಭೋರೆಂದು ಹೊರಟಿತು. ತೆರೆಯ ಮೇಲೆ ಮಗ ತಾಯಿಯ ಮೇಲೆ ಕಿರುಚಾಡುತ್ತಿದ್ದ. ಭಾಷೆ ಬಾರದ ನಮಗೂ ಅದು ಬೈಗುಳವೆಂದು ತಿಳಿಯುತ್ತಿತ್ತು. ಖಾಲಾ ಹೆಡ್‌ಫೋನು ಒತ್ತಿ ಹಿಡಿದು, ಒಂದು ಕ್ಷಣವೂ ತಡೆಯದೆ ಹೇಳುತ್ತಲೇ ಇದ್ದರು: "ಮಗ ಬಂದು ಹತ್ರ ಕೂತ. ಅಮ್ಮಾ, ಊಟ ಮಾಡಿದ್ಯಾ ಅಂತಾನೆ. ಕಾಲು ನೋವು ಹೆಂಗಿದೆ ಅಂತಾನೆ."

ಎಂದಿನಿಂದ ಅವರಿಗೆ ಏನೂ ಕೇಳುತ್ತಿರಲಿಲ್ಲವೋ ನಮಗೆ ತಿಳಿಯದು. ಅತ್ತೆ ಎದ್ದರು. ಟೀವಿಯ ಹತ್ತಿರ ಹೋಗಿ, ತಿರುಪು ತಿರುಗಿಸಿ ಸದ್ದನ್ನು ಪೂರ್ತಿ ಅಡಗಿಸಿದರು. ವಾಪಸು ಬಂದು ಖಾಲಾ ಮುಂದೆ ಕೂತು, 'ಆಮೇಲೆ?' ಎನ್ನುವಂತೆ ಕೈಯಾಡಿಸಿದರು. ಖಾಲಾ ಮುಂದುವರಿಸಿದರು.

ಬೆಳಗ್ಗೆ ಗೋಡೆಯ ಹತ್ತಿರ ಖಾಲಾ ತಲೆ ತಗ್ಗಿಸಿ ನಿಂತಿದ್ದರು. "ತಂತಿ ಬಿದ್ದಿದ್ದು ಆಮೇಲೆ ನೋಡಿದೆ ಅಕ್ಕಾ. ಸುಳ್ಳು ಕಥೆ ಯಾರು ಕೇಳ್ತಾರೆ ಇನ್ನು?" ಅತ್ತೆ ಅವರ ಗದ್ದ ಎತ್ತಿ, ತನ್ನ ಎದೆಯನ್ನು ತಟ್ಟಿ ತೋರಿಸಿದರು: "ನಾನು ಕೇಳ್ತೀನಿ ಕಣೇ." ಬೀದಿಯೂ ಕೇಳಿತು. ಒಬ್ಬರೂ ಬಿಟ್ಟುಹೋಗಲಿಲ್ಲ. ಅಲ್ಪಸ್ವಲ್ಪ ಓದಿದ್ದೇನೆಂಬ ಜಂಬದ ನಾನು ಮನುಷ್ಯರ ಜೊತೆ ಹೇಗಿರಬೇಕೆಂದು ಕಲಿತದ್ದು ಆ ಇಬ್ಬರಿಂದ.

ಮುಂದಿನ ಮಳೆಗಾಲದಲ್ಲಿ ಜ್ವರ ಬಂದು ಖಾಲಾ ತೀರಿಕೊಂಡರು. ಅತ್ತೆ ದಿನಗಟ್ಟಲೆ ಟೀವಿ ಹಾಕಗೊಡಲಿಲ್ಲ. ಒಂದು ಸಾಯಂಕಾಲ ಖಾಲಾ ಅವರ ಮಗ ನಮ್ಮ ಜಗಲಿಗೆ ಬಂದು ನಿಂತ. ಅವನಾಗಿಯೇ ನಮ್ಮ ಮನೆಗೆ ಬಂದದ್ದು ಅದೇ ಮೊದಲು.

"ದೊಡ್ಡಮ್ಮಾ, ಬೀದೀಲಿ ಎಲ್ಲ ನಮ್ಮಮ್ಮನ ಕಥೆ ಕಥೆ ಅಂತಾರೆ. ನಾನು ಒಂದಿನಾನೂ ಕೇಳ್ಲಿಲ್ಲ. ಏನು ಹೇಳ್ತಿದ್ಳು ಅವಳು?"

ಅತ್ತೆ ಎದ್ದು ಜಗಲಿಗೆ ಬಂದರು. ಬೈಯುತ್ತಾರೇನೋ ಎಂದು ನಾನು ಹೆದರಿದೆ.

"ಒಬ್ಬ ಮಗನ ಕಥೆ ಕಣಪ್ಪಾ" ಎಂದರು. "ದಿನಾ ಕೆಲಸ ಮುಗಿಸ್ಕೊಂಡು ಬಂದು ಅವರಮ್ಮನ ಹತ್ರ ಕೂತ್ಕೊತಿದ್ದ. ಊಟ ಆಯ್ತಾ ಅಂತ ಕೇಳ್ತಿದ್ದ."

ಅವನು ಜಗಲಿಯ ಮೇಲೆ ಕೂತ. ಅತ್ತೆ ಪಕ್ಕದಲ್ಲಿ ಕೂತು ಅವನ ಬೆನ್ನ ಮೇಲೆ ಕೈಯಿಟ್ಟು, ಆ ಕಥೆಯನ್ನು ಮೊದಲಿನಿಂದ ಹೇಳತೊಡಗಿದರು.