ಮೂರು ಸಲ ಕೂಗಿದ ಹೆಸರು

ಆ ಮೈಕಿನವನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ನಮ್ಮ ಗುಡಾರದಿಂದ ವೇದಿಕೆಗೆ ನೂರು ಹೆಜ್ಜೆ ಕೂಡ ಇರಲಿಲ್ಲ. ಮೂರು ಸಲ ಕೂಗಿ ಕೈತೊಳೆದುಕೊಳ್ಳುವ ಬದಲು ಒಬ್ಬರನ್ನು ಕಳಿಸಿ ಕೇಳಿದ್ದರೆ ಅವನ ಗಂಟೇನು ಹೋಗುತ್ತಿತ್ತು? ಕೇಳಲಿಲ್ಲ. ಸಾತಪ್ಪನ ಪದ, ಅವನು ಕಟ್ಟಿದ ಹಾಡು, ಯಾರ ಕಿವಿಗೂ ಬೀಳಲಿಲ್ಲ.

ಸಾತಪ್ಪ ನನಗಿಂತ ಹತ್ತು ವರ್ಷಕ್ಕೆ ದೊಡ್ಡವ. ಬೀಳಗಿ ತಾಲೂಕಿನ ಹೊಳೆಹಟ್ಟಿ ನಮ್ಮೂರು. ಅಲ್ಲಿ ಕುರಿ ಕಾಯುತ್ತಿದ್ದ. ಬೀರೇಶ್ವರನ ಡೊಳ್ಳಿನ ಮೇಳದಲ್ಲಿ ಅವನು ಹಾಡುವವ, ನಾನು ಡೊಳ್ಳು ಬಾರಿಸುವವ. ಅವನು ಸಾಲೆಯ ಕಟ್ಟೆ ಹತ್ತಿದವನಲ್ಲ. ನಾನು ನಾಲ್ಕನೆಯ ಇಯತ್ತೆವರೆಗೆ ಹೋದವ. ಹಾಗಾಗಿ ಮೇಳದ ಕಾಗದಪತ್ರವೆಲ್ಲ ನನ್ನ ಕೊರಳಿಗೆ.

ಆಲಮಟ್ಟಿಯ ಹಿನ್ನೀರಿಗೆ ಊರು ಹೋಯಿತು. ನಮ್ಮನ್ನು ಮೇಲಿನ ಎರೆಹೊಲಕ್ಕೆ ಏರಿಸಿ ಪುನರ್ವಸತಿ ಕೇಂದ್ರ ನಂಬರ್ ಮೂರು ಎಂದು ಹೆಸರಿಟ್ಟರು. ಆ ಹೆಸರು ರೇಷನ್ ಕಾರ್ಡಿನ ಮೇಲಷ್ಟೇ ಇತ್ತು, ಯಾರ ಬಾಯಿಗೂ ಬರಲಿಲ್ಲ. ಕೇಳಿದವರಿಗೆಲ್ಲ ನಾವು ಹೊಳೆಹಟ್ಟಿಯವರು ಎಂದೇ ಹೇಳುತ್ತಿದ್ದೆವು.

ಮೇಯಿಸಲು ಹೊಳೆದಂಡೆ ಇಲ್ಲದೆ ಸಾತಪ್ಪ ಕುರಿ ಮಾರಿದ. ರಬಕವಿಯ ಮಗ್ಗದ ಶೆಡ್ಡಿನಲ್ಲಿ ಕಸ ಹೊಡೆಯುವ ಕೆಲಸಕ್ಕೆ ನಿಂತ. ಅಲ್ಲಿ ಮಗ್ಗಗಳ ಗದ್ದಲದಲ್ಲಿ ಪಕ್ಕದವನ ಮಾತೂ ಕೇಳುವುದಿಲ್ಲ. ಆ ಗದ್ದಲದ ಮರೆಯಲ್ಲಿ ಅವನು ಏಳು ವರ್ಷ ಒಂದು ಪದ ಕಟ್ಟಿದ. ಊರ ಅಗಸಿಬಾಗಿಲಿನಿಂದ ಹೊಳೆಯ ಮೆಟ್ಟಿಲವರೆಗೆ ಮುಳುಗಿದ ಊರಿನ ಒಂದೊಂದು ಮನೆ, ಬಾವಿ, ಬೇವಿನ ಗಿಡ, ಅಲ್ಲಿದ್ದವರ ಹೆಸರು ಎಲ್ಲ ಅದರಲ್ಲಿವೆ ಎಂದು ಅವನ ಹೆಂಡತಿ ಕೆಂಪವ್ವ ಹೇಳುತ್ತಿದ್ದಳು. ಅವಳಿಗೂ ಪೂರ್ತಿ ಕೇಳಿಸಿರಲಿಲ್ಲ. ನಮ್ಮ ಮೇಳದ ಕಟ್ಟಳೆ ಹಾಗೆ. ಹೊಸ ಪದವನ್ನು ಮೊದಲು ನೆರೆದ ಕೂಟದಲ್ಲಿ, ಬೇರೆ ಮೇಳದವರ ಮುಂದೆ, ನಮ್ಮದೇ ಡೊಳ್ಳಿನ ಬಡಿತಕ್ಕೆ ಹಾಡಬೇಕು. ಆಮೇಲೆ ಯಾರು ಬೇಕಾದರೂ ಕಲಿಯಬಹುದು. ಅಲ್ಲಿಯವರೆಗೆ ಮಗನಿಗೂ ಕಲಿಸುವಂತಿಲ್ಲ.

ಅಷ್ಟರಲ್ಲಿ ಅವನ ಗಂಟಲಲ್ಲಿ ಗಡ್ಡೆಯಾಯಿತು. ಮಿರಜದ ಡಾಕ್ಟರು, ಕೊಯ್ದರೆ ಜೀವ ಉಳಿಯುತ್ತದೆ, ದನಿ ಉಳಿಯುವುದಿಲ್ಲ ಎಂದರು. ಸಾತಪ್ಪ ಒಂದು ತಿಂಗಳ ವಾಯಿದೆ ಕೇಳಿಕೊಂಡು ಬಂದ. ಜಮಖಂಡಿಯ ಹೊರಗೆ ಮೂರು ದಿನದ ದೊಡ್ಡ ಡೊಳ್ಳಿನ ಹಾಡಿಕೆಯ ಕೂಟ ಇತ್ತು. ಅರವತ್ತು ಮೇಳ ಬರುತ್ತಿದ್ದವು. ಅದು ೨೦೦೮ರ ಜನವರಿ.

ಹೆಸರು ಬರೆಸುವ ಮೇಜಿನ ಹಿಂದೆ ಕೂತವನು ಪಟ್ಟಿ ತಿರುವಿ, "ಹೊಳೆಹಟ್ಟಿ ಇದರಾಗ ಇಲ್ಲರಿ," ಎಂದ.

"ನೀರಾಗೈತಿ. ಇಳದು ನೋಡಿ ಬರಕೋರಿ."

"ಹಂಗ ಬರಿಯಾಕ ಬರೂದಿಲ್ಲರಿ. ಈಗಿನ ಊರು ಹೇಳ್ರಿ."

"ನಿಮಗ ತಿಳಿದದ್ದ ಬರಕೋರಿ!" ಎಂದು ರೇಷನ್ ಕಾರ್ಡನ್ನು ಮೇಜಿನ ಮೇಲೆ ಒಗೆದೆ. ಅವನು ಏನು ಗೀಚಿದನೋ ನೋಡದೆ ಸಹಿ ಮಾಡಿ ಬಂದೆ.

ಕಬ್ಬು ಕಡಿದ ಹೊಲದಲ್ಲಿ ಬಿಡಾರ. ಎಲ್ಲಿ ಹಾಸಿದರೂ ಕೂಳೆ ಬೆನ್ನಿಗೆ ಚುಚ್ಚುತ್ತಿತ್ತು. ನಾವು ನಾಲ್ಕು ಗಳ ನೆಟ್ಟು, ಮೇಲೆ ತಾಡಪತ್ರಿ, ಗಾಳಿಯ ಕಡೆಗೆ ಕಂಬಳಿ ಕಟ್ಟಿಕೊಂಡೆವು. ಸುತ್ತಲೂ ಇಂಥವೇ ಗುಡಾರ, ಒಲೆಯ ಹೊಗೆ, ನೀರಿನ ಟ್ಯಾಂಕರಿಗೆ ಸಾಲು. ಸಾತಪ್ಪ ದನಿ ಉಳಿಸಿಕೊಳ್ಳಲು ಎರಡು ದಿನ ಮಾತೇ ಆಡಲಿಲ್ಲ. ಬಿಸಿನೀರು ಕುಡಿಯುತ್ತ, ಉಪ್ಪು ಬೇಕಾದರೂ ಬೆರಳಲ್ಲೇ ತೋರಿಸುತ್ತಿದ್ದ.

ಎರಡನೆಯ ದಿನ ಮಧ್ಯಾಹ್ನ ನಾನು ಡೊಳ್ಳಿನ ಚರ್ಮವನ್ನು ಬಿಸಿಲಿಗೆ ಹಿಡಿದು ಕೂತಿದ್ದೆ. ಮೈಕಿನಲ್ಲಿ ಕೂಗಿದರು: "ಪುನರ್ವಸತಿ ಕೇಂದ್ರ ನಂಬರ್ ಮೂರು, ಬೀಳಗಿ ತಾಲೂಕು, ವೇದಿಕೆಗೆ ಬರಬೇಕು."

ಮತ್ತೆ ಕೂಗಿದರು. ಕೆಂಪವ್ವ ರೊಟ್ಟಿ ತಟ್ಟುತ್ತ, "ಯಾವ ಹಟ್ಯಾರೋ ಯವ್ವಾ, ಉಂಡು ಅಡ್ಡಾಗ್ಯಾರ," ಎಂದಳು.

"ಗೊರಕಿ ಹೊಡಿಲಿ ಬಿಡ ಬೇ, ನಮ್ಮ ಪಾಳಿ ಲಗೂನ ಬರತೈತಿ," ಎಂದೆ ನಾನು. ಸಾತಪ್ಪ ದನಿ ತೆಗೆಯದೆ ಹೊಟ್ಟೆ ಕುಣಿಸಿ ನಕ್ಕ. ಮೂರನೆಯ ಸಲ ಕೂಗಿದರು. ಆಮೇಲೆ ಬೇರೆ ಮೇಳ ಹತ್ತಿತು.

ಇಳಿಹೊತ್ತಿಗೆ ಹೋಗಿ ಕೇಳಿದೆ. ಮೈಕಿನವನು ಹಾಳೆಯ ಮೇಲೆ ಬೆರಳಿಟ್ಟ. "ನೀವ ನಂಬರ್ ಮೂರನ್ಯಾವ್ರಲ್ಲೇನ್ರಿ? ಮೂರು ಸಲ ಕರದೇನಿ. ನಿಮ್ಮ ಪಾಳಿ ಹೋತು."

ನಾನು ಅವನ ಕೊರಳಪಟ್ಟಿ ಹಿಡಿದೆ. ಮೈಕು ಕಿರ್ರೆಂದು ಬಿತ್ತು. ನಾಲ್ವರು ಬಂದು ನನ್ನ ರಟ್ಟೆ ತಿರುವಿದರು. ಪೊಲೀಸರನ್ನು ಕರೆಯಿರಿ ಎಂದು ಯಾರೋ ಒದರುತ್ತಿದ್ದರು. ಅಷ್ಟರಲ್ಲಿ ಸಾತಪ್ಪ ಓಡಿಬಂದ. ಬಂದವನೇ ಬಗ್ಗಿ ಮೈಕಿನವನ ಕಾಲು ಮುಟ್ಟಿದ. ಬೀರೇಶ್ವರನ ಮುಂದೆ ಬಿಟ್ಟರೆ ಎಲ್ಲಿಯೂ ಬಗ್ಗದ ಮನುಷ್ಯ. ಎರಡು ದಿನ ಕಾಯ್ದಿಟ್ಟ ದನಿಯನ್ನು ಅಲ್ಲಿ ತೆಗೆದ.

"ತಪ್ಪಾತರಿ ಯಪ್ಪಾ. ಹುಡುಗಬುದ್ಧಿ ಇವಂದು, ಬಿಟ್ಟ ಬಿಡ್ರಿ. ನನಗ ಒಂದ ಪದ ಹಾಡಾಕ ಕೊಡ್ರಿ, ಸಾಕು."

ಮೈಕಿನವನು ಅಂಗಿ ಸರಿಮಾಡಿಕೊಂಡ. "ನಾಳೆ ಮುಂಜಾನಿ ಕಡೀ ಪಾಳಿ ಕೊಡತೇನಿ. ಆದರ ಇವಾ ಈಗಿಂದೀಗ ಮಾಫಿ ಕೇಳಬೇಕು."

ಸಾತಪ್ಪ ನನ್ನ ಕಡೆ ತಿರುಗಿದ. "ಕೇಳಿಬಿಡ ತಮ್ಮಾ. ಒಂದ ಮಾತು."

"ಅವಾ ಮೊದಲ ನಿನ್ನ ಕಾಲಿಗೆ ಬೀಳಲಿ!" ಎಂದೆ. ಕೈ ಕೊಡವಿಕೊಂಡು ಗುಡಾರಕ್ಕೆ ಬಂದೆ, ಮೇಳಕ್ಕಿದ್ದ ಒಂದೇ ಡೊಳ್ಳನ್ನು ಹೆಗಲಿಗೇರಿಸಿದೆ, ಬೀಳಗಿ ಬಸ್ಸು ಹತ್ತಿದೆ. ಕೆಂಪವ್ವ ಹಿಟ್ಟಿನ ಕೈಯಲ್ಲೇ ರಸ್ತೆಯವರೆಗೆ ಕೂಗುತ್ತ ಬಂದಳು. ತಿರುಗಿ ನೋಡಲಿಲ್ಲ.

ಮಾರನೆಯ ದಿನ ಸಿಟ್ಟು ಇಳಿದು, ಡೊಳ್ಳು ಹೊತ್ತು ವಾಪಸು ಹೋದೆ. ಮುಟ್ಟುವಷ್ಟರಲ್ಲಿ ಮಧ್ಯಾಹ್ನ. ಗಳ ಕಿತ್ತು ಟ್ರ್ಯಾಕ್ಟರಿಗೆ ಹೇರುತ್ತಿದ್ದರು. ನಾನು ಮಾಫಿ ಕೇಳದೆ ಹೋದರೂ ಮೈಕಿನವನು ಕಡೆಯ ಪಾಳಿಗೆ ಸಾತಪ್ಪನನ್ನು ಕರೆದಿದ್ದನಂತೆ. ಬೇರೆ ಮೇಳದವರು ತಮ್ಮ ಡೊಳ್ಳು ಕೊಡಲು ಬಂದರಂತೆ. ಬೀರೇಶ್ವರನ ಭಂಡಾರದ ಅರಿಶಿನ ಹಚ್ಚಿದ ನಮ್ಮ ಮೇಳದ ಡೊಳ್ಳಿಲ್ಲದೆ ಹೊಸ ಪದ ತೆಗೆಯುವಂತಿಲ್ಲ. ಸಾತಪ್ಪ ಕೈಮುಗಿದು ಬೇಡ ಎಂದನಂತೆ. ಜನ ಎದ್ದು ಹೋಗುವವರೆಗೆ ವೇದಿಕೆಯ ಕೆಳಗೇ ಕೂತಿದ್ದನಂತೆ.

ಮುಂದಿನ ತಿಂಗಳು ಮಿರಜದಲ್ಲಿ ಗಂಟಲು ಕೊಯ್ದರು. ಅಲ್ಲಿಂದ ಅವನ ಉಸಿರು ಕೊರಳಿನ ತೂತಿನಿಂದ ಆಡುತ್ತಿತ್ತು. ಒಂದು ದಿನ ನಾನು ವಹಿ ಪೆನ್ನು ಹಿಡಿದು ಹೋಗಿ, "ಕಟ್ಟಳೆ ಸುಡಲಿ, ಹೇಳ, ಬರಕೋತೇನಿ," ಎಂದೆ. ಅವನು ಎದ್ದು ಕೂತ. ಆಮೇಲೆ ತುಟಿ ಆಡಿಸತೊಡಗಿದ. ಗೂಳಪ್ಪನ ಮನೆ ಎಂದು ಬರೆದು ಓದಿದೆ. ಅಲ್ಲವೆಂದು ತಲೆಯಾಡಿಸಿದ. ತಾಯವ್ವನ ಬಾವಿಯೇ ಎಂದೆ. ಅದೂ ಅಲ್ಲ. ಐದಾರು ಸಲ ಆದ ಮೇಲೆ ಅವನು ಗೋಡೆಯ ಕಡೆ ಹೊರಳಿ ಮಲಗಿದ.

ಮೂರು ವರ್ಷ ಬದುಕಿದ. ನಮ್ಮದು ಎದುರುಬದುರು ಮನೆ. ದಿನಾ ಮುಂಜಾನೆ ಇಬ್ಬರೂ ಕಟ್ಟೆಗೆ ಬಂದು ಕೂಡುತ್ತಿದ್ದೆವು. ನನಗಾಗಿ ಅವನು ಪರರ ಕಾಲು ಮುಟ್ಟಿದ್ದ. ತಪ್ಪಾಯಿತು ಎಂಬ ಒಂದು ಮಾತು ನಾನು ಅವನಿಗೆ ಕೊಡಬೇಕಿತ್ತು. ಕೊಡಲಿಲ್ಲ.