ನನ್ನದೇ ಲೋಟ

ಕಳೆದ ಜೂನ್ ತಿಂಗಳ ಎರಡನೆಯ ಮಂಗಳವಾರ, ಬೆಳಿಗ್ಗೆ ಎಂಟು ಗಂಟೆ ಹತ್ತು ನಿಮಿಷ. ಕೋರಮಂಡಲ್‌ನಲ್ಲಿ ಚಿನ್ನದ ಗಣಿ ಕೆಲಸಗಾರರ ಹಳೆಯ ಲೈನಿನ ಒಂದು ಮನೆ. ಇದ್ದವರು ಮೂವರು: ಮಂಚದ ಮೇಲೆ ಟೀ ಅಕ್ಕ, ಒಲೆಯ ಮುಂದೆ ಅವರ ಮಗಳು, ಬಾಗಿಲಲ್ಲಿ ನಾನು. ಅಕ್ಕನ ಬಲಗೈ ಹೊದಿಕೆಯ ಹೊರಗಿತ್ತು. ಬಿಸಿ ಹಾಲು ಚೆಲ್ಲಿ ಚೆಲ್ಲಿ ಮಣಿಕಟ್ಟಿನಿಂದ ಹೆಬ್ಬೆರಳಿನವರೆಗೆ ಚರ್ಮ ನುಣುಪಾಗಿ, ತಾಮ್ರದ ಹಾಗೆ ಹೊಳೆಯುತ್ತಿತ್ತು. ಇಪ್ಪತ್ತೆರಡು ವರ್ಷ ಆ ಕೈ ನನಗೆ ಟೀ ಕೊಟ್ಟಿದೆ. ಒಂದು ದಿನವೂ ನಾನು ಅವರ ಗಾಜಿನ ಲೋಟದಲ್ಲಿ ಕುಡಿದಿರಲಿಲ್ಲ.

ನಾನು ಬಂಗಾರಪೇಟೆಯವಳು. ಕೋರಮಂಡಲ್‌ನ ಶಾಲೆಯೊಂದರಲ್ಲಿ ಟೀಚರಾಗಿದ್ದೆ. ಬೆಳಗಿನ ಮಾರಿಕುಪ್ಪಂ ರೈಲಿನಿಂದ ಇಳಿದರೆ ಶಾಲೆಯ ಗಂಟೆ ಹೊಡೆಯಲು ಇಪ್ಪತ್ತು ನಿಮಿಷ ಇರುತ್ತಿತ್ತು. ಹನ್ನೆರಡು ನಡಿಗೆಗೆ, ಎಂಟು ಟೀಗೆ. ಸ್ಟೇಷನ್ನಿನ ಹೊರಗೆ ಅಕ್ಕನ ತಗಡಿನ ಅಂಗಡಿ. ಕುಟ್ಟಿದ ಒಣಶುಂಠಿ ಹಾಕಿ ಕುದಿಸಿ, ಇಳಿಸುವ ಮುಂಚೆ ಚಿಟಿಕೆ ಉಪ್ಪು ಹಾಕುತ್ತಿದ್ದರು. "ಉಪ್ಪು ಬಿದ್ರೇನೇ ಟೀಗೆ ಬುದ್ಧಿ ಬರೋದು" ಎನ್ನುವುದು ಅವರ ಮಾತು.

ನಾನು ಚೀಲದಿಂದ ನನ್ನ ಸ್ಟೀಲ್ ಲೋಟ ತೆಗೆದು ಹಿಡಿಯುತ್ತಿದ್ದೆ. "ಆರೋಗ್ಯದ ಪಾಠ ಮಾಡೋಳು ನಾನು, ಶುಚಿ ಮುಖ್ಯ" ಎಂದು ಮೊದಲ ದಿನವೇ ಹೇಳಿದ್ದೆ. ಅಂದಿನಿಂದ ಅಕ್ಕ ನನಗಿಂತ ಮುಂಚೆ ಲೋಟವನ್ನೇ ಮಾತಾಡಿಸುತ್ತಿದ್ದರು.

"ಏನ್ ಟೀಚರಮ್ಮ, ಲೋಟಮ್ಮೋರು ಸುಖನಾ? ಅವ್ರಿಗೆ ಸಕ್ಕರೆ ಜಾಸ್ತಿ ಆಕ್ಲಾ?"

ನಿಂತವರೆಲ್ಲ ನಗುತ್ತಿದ್ದರು. ನಾನೂ ನಗುತ್ತಿದ್ದೆ.

ಒಂದು ದಿನ ಲೋಟ ಮರೆತು ಬಂದೆ. "ಇವತ್ತು ಬೇಡ, ಪಿತ್ತ ಆಗಿದೆ" ಎಂದೆ. ಅಕ್ಕ ನನ್ನ ಮುಖವನ್ನು ಒಂದು ಕ್ಷಣ ನೋಡಿದರು. ರಸ್ತೆ ದಾಟಿ ಹೋಗಿ, ಎದುರುಮನೆಯಿಂದ ಒಂದು ಲೋಟ ತಂದರು. ತಳದಲ್ಲಿ ಹಳೆಯ ಮಜ್ಜಿಗೆಯ ಗೆರೆ ಇನ್ನೂ ಇತ್ತು.

"ರೆಡ್ಡೇರ ಮನೇದು. ಕುಡೀರಿ, ಪರವಾಯಿಲ್ಲೆ" ಎಂದರು.

ನಾನು ಕುಡಿದೆ. ಆ ಗೆರೆಯನ್ನು ನೋಡಿಯೂ ಕುಡಿದೆ. ಅಕ್ಕ ಪ್ರತಿ ಲೋಟವನ್ನೂ ಕುದಿಯುವ ನೀರಲ್ಲಿ ಅದ್ದುವುದನ್ನು ವರ್ಷಗಟ್ಟಲೆ ಕಂಡವಳು ನಾನು. ಶುಚಿಯ ಮಾತು ಸುಳ್ಳೆಂದು ಅಂದು ಇಬ್ಬರಿಗೂ ಸ್ಪಷ್ಟವಾಯಿತು. ಅಕ್ಕನ ಜಾತಿ ನನಗೆ ಗೊತ್ತಿತ್ತು, ಅಷ್ಟೆ. ಮಾರನೆಯ ದಿನ ಮತ್ತೆ ನನ್ನ ಲೋಟ ಹಿಡಿದು ನಿಂತೆ.

ನಿವೃತ್ತಿಯಾಗಿ ಬಹಳ ವರ್ಷಗಳ ಮೇಲೆ, ಕಳೆದ ಬೇಸಿಗೆಯಲ್ಲಿ, ಹಳೆಯ ಸಹೋದ್ಯೋಗಿಗಳ ಜೊತೆ ಮಲೇಷ್ಯಾಕ್ಕೆ ಹೋಗಿದ್ದೆ. ಒಂದು ಬಸ್ ನಿಲ್ದಾಣದ ಪಕ್ಕ, ತಮಿಳು ಮಾತಾಡುವ ಹೆಂಗಸೊಬ್ಬಳ ಟೀ ಅಂಗಡಿ. ಒಂದು ಗುಟುಕಿಗೇ ನಿಂತುಬಿಟ್ಟೆ. ಒಣಶುಂಠಿ, ಹಿಂದೆಯೇ ಉಪ್ಪು. ಹತ್ತು ಜನ ಕುಡಿದು ಒಂದೇ ಬಕೆಟ್ಟಿನಲ್ಲಿ ಅದ್ದಿದ ಲೋಟ ಅದು. ಇನ್ನೊಂದು ಟೀ ಕೇಳಿ ಪಡೆದೆ.

"ಏನ್ರೀ, ನಿಮ್ಮ ಲೋಟ ತರ್ಲಿಲ್ವಾ?" ಎಂದು ಗೆಳತಿ ಕೇಳಿದಳು.

ತಂದಿದ್ದೆ. ಚೀಲದಲ್ಲಿತ್ತು. ತೆಗೆಯಬೇಕೆಂದು ಅನ್ನಿಸಿರಲೇ ಇಲ್ಲ. ಆ ಹೆಂಗಸು ಯಾರೆಂದು ನನಗೆ ತಿಳಿದಿರಲಿಲ್ಲ. ತಿಳಿಯದ ಕಡೆ ನನಗೆ ಶುಚಿಯೂ ಬೇಕಿರಲಿಲ್ಲ. ಎರಡನೆಯ ಲೋಟದ ಅರ್ಧ ಟೀ ಹಾಗೇ ಬಿಟ್ಟೆ.

ಊರಿಗೆ ಬಂದ ಮೂರನೆಯ ದಿನ, ಆ ಮಂಗಳವಾರ, ಅಕ್ಕನ ಮನೆ ವಿಚಾರಿಸಿಕೊಂಡು ಹೋದೆ. ಮಗಳು ಗಾಜಿನ ಲೋಟದಲ್ಲಿ ಟೀ ಕೊಟ್ಟಳು. ಕುಡಿದೆ. ಅಕ್ಕ ನೋಡಲೂ ಇಲ್ಲ.

"ಅಕ್ಕ, ನಿಮಗೆ ಸುಳ್ಳು ಹೇಳಿದ್ದೆ. ಶುಚಿಗಲ್ಲ ನಾನು ಲೋಟ ತರ್ತಿದ್ದದ್ದು. ತಪ್ಪಾಯಿತು."

"ಅಬ್ಬ, ಈಗ 'ನಿಮಗೆ' ಅಂತೀರ! ಆವಾಗೆಲ್ಲ 'ಬೇಗ ಕೊಡೇ' ಅಂತಿದ್ರಿ." ಕೆಮ್ಮಿ, ಉಸಿರು ಎಳೆದುಕೊಂಡರು. "ಸುಳ್ಳು ಅಂತ ನಂಗೊತ್ತಿರ್ನಿಲ್ವಾ? ನೀವ್ ತಂದಿದ್ದಕ್ಕೆ ನಂಗೆ ನಗು ಬತ್ತಿತ್ತು. ನಿಮ್ ಜೊತೆ ರೈಲಲ್ಲಿ ಬತ್ತಿದ್ವಲ್ಲ ನಿಮ್ ಇಸ್ಕೂಲ್ ಎಣ್ಮಕ್ಳು, ಅವು ಮೊದ್ಲು ನನ್ ಗಲಾಸ್ನಾಗೇ ಕುಡೀತಿದ್ವು. ನಿಮ್ನ ನೋಡಿ ಅವೂ ಲೋಟ ತರಾಕ್ ಸುರು ಮಾಡುದ್ವು. ಅವತ್ತು ಮಾತ್ರ ಅಂಗ್ಡಿ ಬೇಗ್ನೆ ಮುಚ್ಬುಟ್ಟು ಬಂದೆ."

ಇದು ನನ್ನ ಲೆಕ್ಕದಲ್ಲೇ ಇರಲಿಲ್ಲ. ಆ ಹುಡುಗಿಯರು ಲೋಟ ತಂದಾಗ ನಾನು ತರಗತಿಯಲ್ಲಿ ಅವರನ್ನು ನಿಲ್ಲಿಸಿ ಹೊಗಳಿದ್ದೆ.

"ಕ್ಷಮಿಸ್ತೀರಾ ಅಕ್ಕ?"

"ನಂಗ್ಯಾಕ್ ಯೋಳ್ತೀರ? ಓಗಿ ಅವ್ರಿಗೆ ಯೋಳಿ." ಅಷ್ಟು ಹೇಳಿ ಗೋಡೆಯ ಕಡೆ ತಿರುಗಿದರು.

ಅಕ್ಕನ ಜೊತೆ ಅದೇ ಕೊನೆಯ ಮಾತು. ಒಂಬತ್ತನೆಯ ದಿನ ತೀರಿಕೊಂಡರು. ಮಣ್ಣಿಗೆ ಹೋದೆ, ಹಿಂದಿನ ಸಾಲಿನಲ್ಲಿ ನಿಂತೆ.

ಆದರೆ ಆ ಮಂಗಳವಾರದ ಕೆಲಸ ಒಂದು ಉಳಿದಿದೆ, ಅದನ್ನೂ ಬರೆಯಬೇಕು. ಆ ಹುಡುಗಿಯರಲ್ಲಿ ಒಬ್ಬಳ ನಂಬರು ನನ್ನ ಬಳಿ ಇತ್ತು. ಈಗ ಕ್ಯಾಸಂಬಳ್ಳಿ ಕಡೆ ಶಾಲೆಯಲ್ಲಿ ಟೀಚರು. ಸಂಜೆ ಐದೂವರೆಗೆ ಫೋನ್ ಮಾಡಿ ಇದ್ದದ್ದನ್ನು ಇದ್ದಂತೆ ಹೇಳಿದೆ.

"ಗೊತ್ತಿತ್ತು ಮಿಸ್" ಎಂದಳು. "ಅಲ್ಲಿ ಕುಡೀಬೇಡ ಅಂತ ನಮ್ಮಜ್ಜಿ ದಿನಾ ಬೈತಿದ್ರು. ನಾನ್ ಕೇಳ್ತಿರ್ಲಿಲ್ಲ. ನೀವು ಲೋಟ ತರೋದ್ ನೋಡಿದ್ಮೇಲೆ ಅಜ್ಜಿ ಯೋಳಿದ್ದೇ ಸರಿ ಅನ್ಸ್ತು." ಆಮೇಲೆ ಸೇರಿಸಿದಳು: "ಇಲ್ಲಿ ಸ್ಕೂಲಿಗೂ ತರ್ತೀನಿ ಮಿಸ್. ಅಭ್ಯಾಸ ಆಗೋಗೈತೆ."

"ನಾಳೆಯಿಂದ ತರಬೇಡ" ಎಂದೆ, ತರಗತಿಯ ದನಿಯಲ್ಲಿ.

ಹಿಂದೆ ಆ ದನಿಗೆ ಅವಳು ಎದ್ದು ನಿಲ್ಲುತ್ತಿದ್ದಳು.

"ನೋಡ್ತೀನಿ ಮಿಸ್" ಎಂದಳು.

ಫೋನ್ ಇಟ್ಟಾಗ ಐದೂ ಮುಕ್ಕಾಲು.